ಹಾಳೆಯ ಬೆನ್ನು

ಏಳು ಜನ ಗಂಡಸರನ್ನ ಒಂದೇ ದಬ್ಬಳದಲ್ಲಿ ಮೇಜಿಗೆ ಹೊಲಿದು ಹಾಕಿದವಳು ಕಣೇ ನಾನು! ಏಳೂ ಜನ ಸಾಲಾಗಿ, ಮೀನು ಪೋಣಿಸಿದ ಹಾಗೆ. ಆಮೇಲೆ ದಾರ ಹಲ್ಲಲ್ಲಿ ಕಚ್ಚಿ ಗಂಟು ಹಾಕಿ, ಕೈ ತೊಳ್ಕೊಂಡು ಬಂದು ಚಹಾ ಕುಡಿದೆ.

ಸರಿ ಸರಿ, ಹಾಗೆ ಬಾಯಿ ಬಿಟ್ಕೊಂಡು ನೋಡಬೇಡ, ನೊಣ ಹೋದೀತು. ಅರ್ಧ ಸುಳ್ಳು. ಏಳು ಜನ ಅಲ್ಲ, ಒಬ್ಬ. ದಾರಾನೂ ಇರಲಿಲ್ಲ. ಚಹಾ ಅಂತೂ ಆವತ್ತು ಯಾರೂ ಕುಡಿಯಲಿಲ್ಲ. ಆದ್ರೆ ಹೊಲಿದಿದ್ದು ನಿಜ. ನಿನ್ನ ಕಂಪ್ಯೂಟರ್ ಕೆಳಗೆ ಹಾಸಿರೋ ಪ್ಲಾಸ್ಟಿಕ್ ಎತ್ತಿ ನೋಡು. ತೂತು ಕಾಣಿಸ್ತಾ? ಅದು ನನ್ನದು. ಅದರ ಪಕ್ಕ ನಾಲ್ಕು ಬೆರಳಗಲ ಒಂದು ಕಚ್ಚು ಇದೆಯಲ್ಲ, ಅದು ನನ್ನದಲ್ಲ. ಅದಕ್ಕೆ ಆಮೇಲೆ ಬರ್ತೀನಿ. ನನ್ನ ಎಡಗೈಗೆ ಬಟ್ಟೆ ಸುತ್ತಿರೋದನ್ನ ಮೂರು ದಿನದಿಂದ ಕದ್ದು ಕದ್ದು ನೋಡ್ತಿದ್ದೀಯ ಅಂತ ನನಗೆ ಗೊತ್ತು. ಕೇಳೋಕೆ ನಾಚಿಕೆ. ಮುಖ್ಯ ಕಚೇರಿಯಿಂದ ಬಂದವರಿಗೆ ಕೇಳೋದು ಬಿಟ್ಟು ಬೇರೆ ಏನು ಕೆಲಸ? ಇದೇ ಊಟದ ಹೊತ್ತು, ಹೊರಗೆ ಯಾರೂ ಇಲ್ಲ, ಬಾಗಿಲು ಮುಂದೆ ಮಾಡು. ಕೂತ್ಕೋ. ದಿಂಬು ಗಟ್ಟಿ ಅಂತ ಗೊಣಗಬೇಡ, ಈಗಿನ ಹುಡುಗೀರಿಗೆ ಕೂರೋ ಕಡೆ ಮಾಂಸವೇ ಇಲ್ಲ, ದಿಂಬು ಏನು ಮಾಡುತ್ತೆ ಪಾಪ.

ನಾನು ಈ ಕಚೇರಿಯ ಪುಸ್ತಕ ಹೊಲಿಯೋಳು. ಊರಲ್ಲಿ ಯಾವ ಮನೆ, ಯಾವ ಜಾಗ, ಯಾವ ಗೋಡೆ ಯಾರ ಹೆಸರಲ್ಲಿದೆ ಅಂತ ಬರೆದಿಡೋ ದೊಡ್ಡ ಪುಸ್ತಕಗಳು ಇದ್ವಲ್ಲ, ಒಂದೊಂದೂ ಕರುವಿನಷ್ಟು ತೂಕ. ಆಯ್ತು, ಕುರಿಮರಿಯಷ್ಟು. ಅವನ್ನೆಲ್ಲ ಮೊದಲು ಹೊಲೀತಿದ್ದವನು ನನ್ನ ಗಂಡ. ಅವನು ಸತ್ತು ಇಪ್ಪತ್ತಾರು ವರ್ಷ. ಬದುಕಿದ್ದಾಗಲೂ ಹೆಚ್ಚು ಮಾತಾಡ್ತಿರಲಿಲ್ಲ, ಹಾಗಾಗಿ ಮನೇಲಿ ದೊಡ್ಡ ವ್ಯತ್ಯಾಸ ಏನೂ ಆಗಲಿಲ್ಲ. ಅವನ ದಬ್ಬಳ ನನ್ನ ಕೈಗೆ ಬಂತು. ನೋಡು, ಇದೇ. ಗೇಣುದ್ದ, ಕಣ್ಣಲ್ಲಿ ನಿನ್ನ ಕಿರುಬೆರಳು ತೂರುತ್ತೆ. ನನಗೆ ಓದೋಕೆ ಬರಲ್ಲ, ಅಂಕಿ ಮಾತ್ರ ಗೊತ್ತು. ಆದ್ರೆ ಕಣ್ಣು ಮುಚ್ಚಿ ಕೈಯಲ್ಲಿ ಮುಟ್ಟಿ ಇದು ಯಾವ ಬೀದಿ ಪುಸ್ತಕ ಅಂತ ಹೇಳ್ತಿದ್ದೆ.

ಅವನು ಸತ್ತ ವಾರ ನಾನೊಬ್ಬಳೇ ಹೊಲಿದ ಮೊದಲನೇ ಪುಸ್ತಕ ಕೆಳಗಿನ ಬೀದೀದು. ಎಲ್ಲ ಪುಸ್ತಕಕ್ಕೂ ಐದೇ ತೂತು. ಆವತ್ತು ಐದನೇದು ವಾರೆ ಆಯ್ತು, ಪಕ್ಕದಲ್ಲೇ ಆರನೇದು ಹೊಡೆದೆ. ದೊಡ್ಡ ಗುಮಾಸ್ತ ಬೈದ. ‘ಏನಮ್ಮ ಇದು, ಪುಸ್ತಕ ಹೊಲಿದಿದ್ದೀಯೋ, ಹಂದಿಗೆ ಮೂಗುದಾರ ಹಾಕಿದ್ದೀಯೋ?’ ಈ ಆರು ತೂತು ನೆನಪಿಟ್ಕೋ. ಇದರ ಮೇಲೇ ನಾಲ್ಕು ಜೀವ ನಿಂತಿದೆ.

ಇನ್ನೊಂದು ವಿಷಯ. ಒಂದು ಜಾಗಕ್ಕೆ ಒಂದು ಹಾಳೆ. ಮುಂದಿನ ಮುಖದಲ್ಲಿ ಹನ್ನೆರಡು ಗೆರೆ. ತಾತನಿಂದ ಅಪ್ಪನಿಗೆ ಬಂದ್ರೆ ಒಂದು ಗೆರೆ, ಅಪ್ಪ ಮಾರಿದ್ರೆ ಒಂದು ಗೆರೆ. ಮಾರಿದವನು ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ಹನ್ನೆರಡೂ ತುಂಬಿದ್ರೆ ಹೊಸ ಹಾಳೆಗೆ ನಿಮ್ಮ ಮುಖ್ಯ ಕಚೇರಿಗೆ ಬರೀಬೇಕು. ನೀವು ಕಳಿಸೋದ್ರೊಳಗೆ ಮಾರಿದವನೂ ಸತ್ತು ಕೊಂಡವನೂ ಸತ್ತಿರ್ತಾನೆ. ಅದಕ್ಕೆ ನಮ್ಮ ಗುಮಾಸ್ತರು ಹಾಳೆ ತಿರುಗಿಸಿ ಬೆನ್ನ ಮೇಲೆ ಬರೀತಿದ್ರು. ಮುಂದುಗಡೆ ಕೆಳಗಿನ ಮೂಲೇಲಿ ಕೆಂಪು ಪೆನ್ಸಿಲಲ್ಲಿ ಒಂದು ಸಣ್ಣ ಕೊಕ್ಕೆ. ಕೊಕ್ಕೆ ಕಂಡ್ರೆ ತಿರುಗಿಸಿ ನೋಡು ಅಂತ. ಎಲ್ಲೂ ಬರೆದ ನಿಯಮ ಅಲ್ಲ ಅದು. ಬಂದವರಿಗೆ ಇದ್ದವರು ಹೇಳಿಕೊಡ್ತಿದ್ರು, ಅಷ್ಟೇ.

ಆಮೇಲೆ ಬಂದ ನಮ್ಮ ಕನ್ನಡಕದ ಸಾಹೇಬ. ಎಲ್ಲ ಕಚೇರಿಗಿಂತ ಮೊದಲು ತನ್ನ ಕಚೇರಿಯೇ ಪೂರ್ತಿ ಕಂಪ್ಯೂಟರ್ ಆಗಬೇಕು, ತನಗೆ ಹೂಮಾಲೆ ಬೀಳಬೇಕು ಅನ್ನೋ ಹುಚ್ಚು. ಗುತ್ತಿಗೆದಾರನ ಕಡೆಯವರು ಸ್ಕ್ಯಾನಿಂಗ್ ಯಂತ್ರ ತಂದರು. ಯಂತ್ರದ ಬಾಯಿಗೆ ಬಿಡಿ ಹಾಳೆಯೇ ಬೇಕಂತೆ. ಇದೇ ಕೋಣೇಲಿ, ನನ್ನ ಕಣ್ಣೆದುರಿಗೇ, ಪುಸ್ತಕಗಳನ್ನ ಅಂಗಾತ ಮಲಗಿಸಿ ಬ್ಲೇಡಲ್ಲಿ ಹೊಲಿಗೆ ಸೀಳಿದರು ನೋಡು. ಇಪ್ಪತ್ತಾರು ವರ್ಷದ ಹೊಲಿಗೆ! ಕಸಾಯಿಖಾನೇಲಿ ಕರುಳು ಜಾರಿದ ಹಾಗೆ ಹಾಳೆ ಜಾರಿ ಜಾರಿ ಬಿದ್ದವು. ನನ್ನ ಹೊಟ್ಟೇನೇ ಸೀಳಿದ ಹಾಗಾಯ್ತು.

ಮೊದಲ ನೂರಿನ್ನೂರು ಹಾಳೆ ಹೊಸ ಬಡಾವಣೇವು, ಬೆನ್ನೆಲ್ಲ ಖಾಲಿ. ‘ಹಿಂದೆ ಏನೂ ಇಲ್ಲ, ಸುಮ್ಮನೆ ಹೊತ್ತು ಯಾಕೆ ಹಾಳು’ ಅಂತ ಯಂತ್ರಕ್ಕೆ ಒಂದೇ ಮುಖ ನೋಡು ಅಂತ ಹೇಳಿಬಿಟ್ರು. ಕೆಂಪು ಪೆನ್ಸಿಲ್ ಆ ಯಂತ್ರಕ್ಕೆ ಕಾಣೋದೇ ಇಲ್ಲ, ಕಪ್ಪು ಮಾತ್ರ ಕಾಣೋದು. ನಾನು ಹೋಗಿ ಹೇಳಿದೆ, ‘ಅಯ್ಯಾ, ಬೆನ್ನು ನೋಡಿ, ಬೆನ್ನಲ್ಲಿದೆ ಊರು.’

ಅವರಲ್ಲಿ ಒಬ್ಬ, ‘ಅಜ್ಜಿ, ನಿಮಗೆ ಬೆನ್ನು ನೋವಾ? ಔಷಧಿ ಹಚ್ಕೊಳ್ಳಿ’ ಅಂತ ಹಲ್ಲು ಕಿಸಿದ.

ಸಾಹೇಬನ ಹತ್ರ ಹೋದೆ. ಅವನು ಕನ್ನಡಕ ಒರೆಸ್ತಾ, ‘ಓದೋಕೆ ಬರದವಳು ನನಗೆ ದಾಖಲೆ ಪಾಠ ಹೇಳ್ತೀಯಾ? ನಾಳೆಯಿಂದ ಕಂಪ್ಯೂಟರ್ ಮುಂದೆ ಕೂರೋರಿಗೆ ಕುರ್ಚಿ ದಿಂಬು ಹೊಲಿ, ಹೋಗು’ ಅಂದ. ಪುಸ್ತಕ ಹೊಲಿದ ದಬ್ಬಳದಲ್ಲಿ ದಿಂಬು! ಗಂಡ ಸತ್ತಾಗ ಕೂಡ ಅಷ್ಟು ಅತ್ತಿರಲಿಲ್ಲ. ಹೊಲಿದೆ. ಹನ್ನೊಂದು ಕುರ್ಚಿಗೆ ಹನ್ನೊಂದು ದಿಂಬು. ಸಾಹೇಬನದು ಎಲ್ಲಕ್ಕಿಂತ ದಪ್ಪ.

ಮುಂದುಗಡೆ ಜನರಿಗೆ ಕಾಗದ ಕೊಡೋ ಕಿಟಕಿ ಶುರುವಾಯ್ತು. ಗುಂಡಿ ಒತ್ತಿದ್ರೆ ಟರ್ ಅಂತ ಕಾಗದ ಈಚೆ. ಜನ ಕುಣಿದಾಡಿದರು. ಒಂದು ವಾರ. ಆಮೇಲೆ ಕಾಗದದಲ್ಲಿರೋ ಹೆಸರು ಓದಿದರು. ಇಪ್ಪತ್ತು ವರ್ಷದ ಹಿಂದೆ ಮಾರಿ ಕೈ ತೊಳ್ಕೊಂಡವರೆಲ್ಲ ಮತ್ತೆ ಮಾಲೀಕರು! ಊರು ಹತ್ತಿ ಉರೀತು ಕಣೇ. ಬೇಕರಿ ಅಕ್ಕತಂಗಿಯರು ನಡುಬೀದೀಲಿ ಜಡೆ ಹಿಡ್ಕೊಂಡು ಉರುಳಾಡಿ, ಒಬ್ಬಳ ಕಿವಿ ಓಲೆ ಸಮೇತ ಇನ್ನೊಬ್ಬಳ ಕೈಗೆ ಬಂತು. ಕ್ಷೌರದವನು ಗಿರಾಕಿ ಗಲ್ಲಕ್ಕೆ ನೊರೆ ಹಚ್ಚಿ, ಅರ್ಧ ಬೋಳಿಸಿ, ‘ನನ್ನ ಅಂಗಡಿ ನಿನ್ನ ಹೆಸರಿಗೆ ಹೆಂಗೆ ಬಂತೋ?’ ಅಂತ ಕೇಳಿ ಮಿಕ್ಕರ್ಧ ಬೇರೆ ಥರ ಬೋಳಿಸಿದ. ಐವತ್ತು ಹೊಲಿಗೆ. ಹೋಗಲಿ, ಹದಿನೈದು. ಬಡಗಿಯೊಬ್ಬ ತನ್ನ ತಮ್ಮನ ನೆತ್ತಿಗೆ ಬಾಚಿಯಿಂದ ಹೊಡೆದ. ಎರಡು ಮನೆ ಮಧ್ಯದ ಒಂದು ಗೋಡೆಗೋಸ್ಕರ. ಆ ತಮ್ಮ ಅದೇ ಗೋಡೆಗೆ ಒರಗಿ ಕೂತು ಸತ್ತ. ಇದರಲ್ಲಿ ಮಾತ್ರ ನಾನು ಒಂದು ಕಾಳೂ ಸೇರಿಸಿಲ್ಲ.

ಸಾಹೇಬ ಏನಂದ ಗೊತ್ತಾ? ‘ಕಂಪ್ಯೂಟರಲ್ಲಿ ಏನಿದೆಯೋ ಅದೇ ಸರಿ. ಹಳೇ ಕಾಗದಕ್ಕೆ ಬೆಲೆ ಇಲ್ಲ.’ ಕಾಗದದ ಕಾರ್ಖಾನೆಯಿಂದ ಲಾರಿ ಕರೆಸಿದ, ಎಲ್ಲ ಹಾಳೇನೂ ಅರೆದು ರಟ್ಟು ಮಾಡೋಕೆ. ಗುರುವಾರ ಲಾರಿ ಬರುತ್ತೆ ಅಂತ ಆಯ್ತು.

ಸೋಮವಾರ ಬೆಳಿಗ್ಗೆ ನನ್ನ ತಮ್ಮನ ಮನೆಗೆ ಅವರು ಬಂದರು.

ನನ್ನ ತಮ್ಮ ವೆಲ್ಡಿಂಗ್ ಕೆಲಸದವನು. ಕೆಳಗಿನ ಬೀದಿ, ನಂಬರ್ ನೂರ ಹದಿನೇಳು. ಮುಂದೆ ಶೆಡ್ಡು, ಹಿಂದೆ ಮನೆ. ಅವನು, ಅವನ ಹೆಂಡತಿ, ಎರಡು ಹೆಣ್ಣುಮಕ್ಕಳು. ಈ ಕೋಣೇಲಿದ್ದ ಕಬ್ಬಿಣದ ಕಪಾಟೆಲ್ಲ ಅವನೇ ಮಾಡಿದ್ದು. ಆ ಜಾಗ ಮೊದಲು ಇಟ್ಟಿಗೆ ಗೂಡಿನ ಯಜಮಾನಂದು. ಇಪ್ಪತ್ತು ವರ್ಷದ ಹಿಂದೆ ಅವನೇ ಈ ಕಚೇರಿಗೆ ಬಂದು ನನ್ನ ತಮ್ಮನ ಹೆಸರಿಗೆ ಮಾಡಿಕೊಟ್ಟ. ಮುಂದಿನ ಮುಖದ ಹನ್ನೆರಡನೇ ಗೆರೆ ಅವನದು. ಬೆನ್ನಿನ ಮೊದಲನೇ ಗೆರೆ ನನ್ನ ತಮ್ಮಂದು. ಅರ್ಥ ಆಯ್ತಲ್ಲ?

ಯಜಮಾನ ಸತ್ತು ಹೋದ. ಮೂರು ಜನ ಮಕ್ಕಳು. ಮೂವರೂ ಹಾರೆ ಹಿಡ್ಕೊಂಡು, ಕಿಟಕೀಲಿ ತಗೊಂಡ ಕಾಗದ ಹಿಡ್ಕೊಂಡು ಶೆಡ್ಡಿಗೆ ಬಂದರು.

‘ಏಯ್ ವೆಲ್ಡಿಂಗು, ನಮ್ಮ ಜಾಗದಲ್ಲಿ ಕಿಡಿ ಹಾರಿಸಿದ್ದು ಸಾಕು. ಜಾಗ ಖಾಲಿ ಮಾಡು’ ಅಂದ ದೊಡ್ಡವನು.

‘ನಿಮ್ಮಪ್ಪನೇ ಕೊಟ್ಟಿದ್ದು ಕಣ್ರೋ. ನನ್ನೆದುರಿಗೇ ಹೆಬ್ಬೆಟ್ಟು ಒತ್ತಿದ.’

‘ಎಲ್ಲಿ ಒತ್ತಿದ?’

‘ಕಚೇರೀಲಿ.’

‘ಇದೂ ಕಚೇರಿಯಿಂದಲೇ ಬಂದಿರೋದು. ಓದ್ಕೋ. ನಮ್ಮಪ್ಪ ಸತ್ತ ಮೇಲೆ ಅವನ ಹೆಸರಲ್ಲಿ ಸುಳ್ಳು ಬೇರೆ ಹೇಳ್ತೀಯಾ?’

ಕಿರಿಯವರಿಬ್ಬರು ಹಿಡ್ಕೊಂಡರು. ದೊಡ್ಡವನು ನನ್ನ ತಮ್ಮನ ಬಲಗೈನ ಅವನ ಕಬ್ಬಿಣದ ದಿಮ್ಮಿ ಮೇಲೆ ಇಟ್ಟು, ಅವನದೇ ಸುತ್ತಿಗೆಯಿಂದ ಹೊಡೆದ. ಒಂದಲ್ಲ, ಮೂರು. ಬಿಡಿಸೋಕೆ ಹೋದ ಅವನ ಹೆಂಡತಿಗೆ ಹಾರೆ ತುದಿಯಿಂದ ದವಡೆಗೆ. ಮಕ್ಕಳು ನೋಡ್ತಾ ನಿಂತಿದ್ವು.

ನಾನು ಓಡಿ ಹೋದಾಗ ನನ್ನ ತಮ್ಮ ಬಲಗೈಗೆ ಹಳೇ ಅಂಗಿ ಸುತ್ಕೊಂಡು, ಎಡಗೈಯಲ್ಲಿ ಲಾರಿ ಸ್ಪ್ರಿಂಗಿನ ಕಬ್ಬಿಣದ ಪಟ್ಟಿ ಒಂದನ್ನ ಸಾಣೆ ಹಿಡೀತಿದ್ದ. ಕಿಡಿ ಹಾರ್ತಿತ್ತು. ಕಣ್ಣಲ್ಲಿ ನೀರಿಲ್ಲ. ಅದೇ ನನಗೆ ಭಯ ಆಗಿದ್ದು.

‘ಏನೋ ಮಾಡ್ತಿದ್ದೀಯ?’

‘ಕತ್ತಿ ಮಾಡ್ತಿದ್ದೀನಕ್ಕ.’

‘ಎಡಗೈಯಲ್ಲಿ ಅನ್ನ ಕಲಸೋಕೂ ಬರಲ್ಲ ನಿನಗೆ, ಕತ್ತಿ ಬೇರೆ.’

ನಗಲಿಲ್ಲ ಅವನು. ‘ಅಕ್ಕಾ, ಗುರುವಾರ ಮಧ್ಯಾಹ್ನದ ತನಕ ನೋಡ್ತೀನಿ. ನನ್ನ ಹಾಳೆ ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ದೊಡ್ಡವನ ತಲೆ ತಂದು ನಿನ್ನ ಕಚೇರಿ ಕಿಟಕೀಲಿ ಇಡ್ತೀನಿ. ಅದನ್ನೂ ಸ್ಕ್ಯಾನ್ ಮಾಡ್ಕೊಳ್ಳಲಿ.’

ನನ್ನ ತಮ್ಮ ನನ್ನ ಥರ ಅಲ್ಲ ಕಣೇ. ಅವನು ಹೇಳಿದ್ದರಲ್ಲಿ ಅರ್ಧ ಸುಳ್ಳು ಇರಲ್ಲ.

ಈ ಕೋಣೇಲಿ ಆಗ ನೆಲ ಕಾಣ್ತಿರಲಿಲ್ಲ. ಎಂಬತ್ತು ಲಕ್ಷ ಹಾಳೆ! ನಿನಗೆ ಬೇಕಾದ್ರೆ ಎಂಬತ್ತು ಸಾವಿರ ಅಂತ ಬರ್ಕೋ. ಸೊಂಟದ ತನಕ. ಯಾವ ಬೀದಿ ಹಾಳೆ ಯಾವ ರಾಶೀಲಿ ಅಂತ ದೇವರಿಗೂ ಗೊತ್ತಿರಲಿಲ್ಲ. ನಾನು ಮೂಲೇಲಿ ಕುರ್ಚಿ ದಿಂಬು ಬಿಚ್ಚಿ ಹತ್ತಿ ಹರಡ್ಕೊಂಡು ಕೂತೆ, ಯಾರಾದ್ರೂ ಬಂದ್ರೆ ಹೊಲೀತಿದ್ದೀನಿ ಅನ್ನೋ ಹಾಗೆ. ಬಾಗಿಲು ಮುಚ್ಚಿದ ಕೂಡಲೇ ಹಾಳೆ ಅಂಚು ಸವರೋದು. ಒಂದು, ಎರಡು, ಮೂರು, ನಾಲ್ಕು, ಐದು. ಬಿಸಾಕು. ಒಂದು, ಎರಡು, ಮೂರು, ನಾಲ್ಕು, ಐದು. ಬಿಸಾಕು. ಓದೋರಾಗಿದ್ರೆ ಒಂದು ತಿಂಗಳು ಹಿಡೀತಿತ್ತು. ನನಗೆ ಬೆರಳೇ ಕಣ್ಣು. ಕಾಗದದ ಅಂಚು ಬ್ಲೇಡಿನ ಹಾಗೆ ಕೊಯ್ದು ಕೊಯ್ದು ತುದಿಯೆಲ್ಲ ಹಸಿ ಮಾಂಸ. ನಡುವೆ ಕೆಂಪು ಕೊಕ್ಕೆ ಇದ್ದ ಹಾಳೆ ಕೈಗೆ ಬಂದ್ರೆ ಬಿಸಾಡೋಕೆ ಮನಸ್ಸು ಬರಲಿಲ್ಲ. ಯಾರದೋ ಮನೆ ಅಲ್ವಾ ಅದು? ಪಕ್ಕಕ್ಕೆ ಇಟ್ಟೆ. ಮನೆಗೆ ಒಯ್ಯೋ ಹಾಗಿರಲಿಲ್ಲ. ಸಾಹೇಬನಿಗೆ ಅನುಮಾನ ಬಂದು ಗೇಟಲ್ಲಿ ನನ್ನ ಊಟದ ಡಬ್ಬಿ ತೆಗೆಸಿ ಮೂಸಿಸ್ತಿದ್ದ.

ಗುರುವಾರ. ಹೊರಗೆ ಲಾರಿ ಬಂದು ನಿಂತು ಹಾರ್ನ್ ಹೊಡೀತಿದೆ. ಮುಂದಿನ ಕಿಟಕೀಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಬೈದಾಡ್ತಿದ್ದಾರೆ. ಒಂದು, ಎರಡು, ಮೂರು, ನಾಲ್ಕು, ಐದು, ಪಕ್ಕದಲ್ಲಿ ಆರು! ಆ ರಾಶೀಲಿ ಕೆದಕಿದೆ. ನೂರ ಹತ್ತು, ನೂರ ಹದಿನಾಲ್ಕು. ನೂರ ಹದಿನೇಳು! ಮೂಲೇಲಿ ಕೆಂಪು ಕೊಕ್ಕೆ. ತಿರುಗಿಸಿದೆ. ಬೆನ್ನ ಮೇಲೆ ಒಂದೇ ಒಂದು ಗೆರೆ ಬರಹ, ಪಕ್ಕದಲ್ಲಿ ಒಂದು ಹೆಬ್ಬೆಟ್ಟು. ನಾನು ಆ ಹಾಳೆಗೆ ಮುತ್ತು ಕೊಟ್ಟೆ. ಮದುವೆ ಆದಮೇಲೆ ಅದೇ ಮೊದಲು ಅನ್ಕೋ.

‘ಕೊಡು ಇಲ್ಲಿ, ಮುದುಕಿ.’

ತಿರುಗಿ ನೋಡಿದ್ರೆ ಇಟ್ಟಿಗೆ ಗೂಡಿನ ದೊಡ್ಡವನು. ಸಾಹೇಬನೇ ಸುದ್ದಿ ಮುಟ್ಟಿಸಿದನೋ, ವಾಸನೆ ಹಿಡಿದು ಬಂದನೋ. ಬಾಗಿಲು ಅವನ ಬೆನ್ನ ಹಿಂದೆ ಮುಚ್ಚಿತ್ತು. ಆಳು ಅಂದ್ರೆ ಆಳು, ತಲೆ ಸೂರಿಗೆ ತಾಗ್ತಿತ್ತು.

‘ಏನ್ ಕೊಡಲಿ ಮಗನೇ? ದಿಂಬು ಬೇಕಾ?’ ಅಂದೆ.

ಕೂದಲು ಹಿಡಿದ. ಇರೋದೇ ನಾಲ್ಕು ಎಳೆ, ಅದನ್ನೇ ಹಿಡಿದು ನನ್ನನ್ನ ಎತ್ತಿ ಈ ಮೇಜಿನ ಮೇಲೆ ಕುಕ್ಕಿದ. ಸ್ಕ್ಯಾನಿಂಗ್ ಯಂತ್ರ ಕೆಳಗೆ ಬಿದ್ದು ಪುಡಿ ಆಯ್ತು. ಗಾಜು ನನ್ನ ಮೊಣಕೈಗೆ ಹೊಕ್ಕಿತು. ಒಂದು ಕೈಯಲ್ಲಿ ಕುತ್ತಿಗೆ ಅದುಮಿದ, ಇನ್ನೊಂದು ಕೈ ಮೇಜಿನ ಮೇಲೆ ಊರಿದ್ದ. ನಾನು ಹಾಳೇನ ಎದೆಗೆ ಅವಚಿಕೊಂಡಿದ್ದೆ. ಕಣ್ಣು ಕತ್ತಲೆ ಬರ್ತಿದೆ, ನಾಲಿಗೆ ಈಚೆ ಬಂದಿದೆ. ನನ್ನ ಗಂಡ ಕಂಡ ಕಣೇ, ಸತ್ಯವಾಗಿ. ಆಗಲೂ ಮಾತಾಡಲಿಲ್ಲ, ಸುಮ್ಮನೆ ನಿಂತಿದ್ದ. ಬಲಗೈಗೆ ದಬ್ಬಳ ಸಿಕ್ತು. ಇಪ್ಪತ್ತಾರು ವರ್ಷ ಮುನ್ನೂರು ಹಾಳೆ ಒಂದೇ ಏಟಿಗೆ ಚುಚ್ಚಿದ ಕೈ ಇದು. ಅವನು ಊರಿದ್ದ ಅಂಗೈ ಮೇಲೆ ಇಟ್ಟು, ಮೈ ಭಾರ ಬಿಟ್ಟು, ಗುದ್ದಿದೆ. ಚರ್ಮ, ಮಾಂಸ, ಆಮೇಲೆ ಮರ. ಮೂರೂ ಬೇರೆ ಬೇರೆ ಸದ್ದು.

ಅವನು ಕೂಗಿದ ಕೂಗಿಗೆ ಕಿಟಕಿ ಮುಂದಿನ ಜನ ಬೈದಾಟ ನಿಲ್ಲಿಸಿದರಂತೆ. ಕೀಳೋಕೆ ಎಳೆದಷ್ಟೂ ಸೀಳಿತು. ನಾನು ಮೇಜಿಂದ ಇಳಿದು, ಕೆಮ್ಮಿ, ಉಗುಳಿ, ಹಾಳೆ ಬೆನ್ನನ್ನ ಅವನ ಮೂಗಿನ ಮುಂದೆ ಹಿಡಿದೆ. ‘ನೋಡೋ. ಕೊಲ್ಲೋಕೆ ಮುಂಚೆ ಏನು ಅಂತ ನೋಡ್ಬಿಟ್ಟು ಕೊಲ್ಲು.’

ನೋಡಿದ. ಕೂಗು ಅಲ್ಲೇ ನಿಂತುಹೋಯ್ತು. ಆ ಹೆಬ್ಬೆಟ್ಟಿನ ಗುರುತು ಎಲ್ಲರ ಹಾಗಲ್ಲ, ನಡುವೆ ಸೀಳು, ಒಡೆದ ಬೇಳೆ ಹಾಗೆ ಎರಡು ಹೋಳು.

‘ನಮ್ಮಪ್ಪಂದು,’ ಅಂದ. ಆಮೇಲೆ ಚಿಕ್ಕ ಮಗು ಥರ, ‘ಮಣ್ಣು ಕೊಯ್ಯೋ ತಂತಿ ಸಿಕ್ಕಿ ಸೀಳಿತ್ತು. ನಾನೇ ಬಟ್ಟೆ ಕಟ್ಟಿದ್ದೆ. ನನಗೆ ಆಗ ಎಂಟು ವರ್ಷ. ಇದು ನಮ್ಮಪ್ಪಂದೇ ಅಜ್ಜಿ.’ ಮುದುಕಿ ಹೋಗಿ ಅಜ್ಜಿ ಆಗಿದ್ದೆ ನೋಡು. ‘ಕಂಪ್ಯೂಟರಲ್ಲಿ ಇರಲಿಲ್ವಲ್ಲ ಇದು? ನಾನು ನಂಬಿದೆನಲ್ಲ? ಅವನ ಕೈ ಮುರಿದೆನಲ್ಲ?’

ನಾನು ಉತ್ತರ ಹೇಳೋದ್ರೊಳಗೆ ಬಾಗಿಲು ಹಾರಿಹೋಯ್ತು. ನನ್ನ ತಮ್ಮ. ಎಡಗೈಯಲ್ಲಿ ಆ ಲಾರಿ ಪಟ್ಟಿ. ಅವನಿಗೆ ಕಂಡಿದ್ದೇನು? ನನ್ನ ಕುತ್ತಿಗೆ ಮೇಲೆ ಐದು ಬೆರಳಿನ ಗುರುತು, ನನ್ನ ಬಾಯಲ್ಲಿ ರಕ್ತ, ಮೇಜಿಗೆ ಬಗ್ಗಿ ನಿಂತಿರೋ ಶತ್ರು, ಬೆತ್ತಲೆ ಕುತ್ತಿಗೆ.

‘ಬೇಡ್ವೋ! ಹಾಳೆ ಸಿಕ್ತು!’ ಅಂತ ಕಿರುಚಿದೆ. ಕಿರುಚಿದೆ ಅಂತ ಅನ್ಕೊಂಡೆ. ಅದುಮಿದ ಗಂಟಲಿಂದ ಗಾಳಿ ಮಾತ್ರ ಬಂತು. ಕತ್ತಿ ಮೇಲೆ ಹೋಯ್ತು. ಮೇಜಿಗೆ ಸಿಕ್ಕಿಕೊಂಡವನು ಎಲ್ಲಿಗೆ ಓಡ್ತಾನೆ? ಕಣ್ಣು ಮುಚ್ಕೊಂಡ. ತಪ್ಪಿಸಿಕೊಳ್ಳೋಕೆ ನೋಡಲೂ ಇಲ್ಲ. ನಾನು ಎಡಗೈ ಚಾಚಿ ನನ್ನ ತಮ್ಮನ ಮಣಿಕಟ್ಟು ತಳ್ಳಿದೆ. ಕತ್ತಿ ಪಕ್ಕಕ್ಕೆ ಜಾರಿ ಮೇಜಿಗೆ ಕಚ್ಚಿತು. ಅದೇ ಆ ಕಚ್ಚು. ನಡುವೆ ನನ್ನ ಎರಡು ಬೆರಳಿದ್ವು.

ನೋವು ಕೂಡಲೇ ಬರಲ್ಲ ಕಣೇ, ದಾರೀಲಿ ಎಲ್ಲೋ ತಡವಾಗುತ್ತೆ. ಮೇಜಿನ ಮೇಲೆ ಅವೆರಡನ್ನೂ ನೋಡಿ ‘ಇವು ಯಾರವು?’ ಅಂತ ಕೇಳಿದೆನಂತೆ. ನನ್ನ ತಮ್ಮ ಕತ್ತಿ ಬಿಟ್ಟು, ಗೋಡೆ ಹಿಡ್ಕೊಂಡು ಜಾರಿ ಕೂತ. ‘ಅಕ್ಕಾ, ಅಕ್ಕಾ, ನನ್ನ ಕೈಯಲ್ಲೇ...’ ಅಂತ ತಲೆಯನ್ನ ಗೋಡೆಗೆ ಚಚ್ಚಿಕೊಂಡ. ಅಲ್ಲಿ, ಬಣ್ಣ ಹೊಸದಾಗಿದೆಯಲ್ಲ, ಅಲ್ಲಿ.

ಆಗ ಬಂದ ಸಾಹೇಬ. ರಕ್ತ ನೋಡಲಿಲ್ಲ, ಕೈ ನೋಡಲಿಲ್ಲ. ಹಾಳೆ ನೋಡಿದ. ಬೆನ್ನಲ್ಲಿ ಬರಹ ಇರೋ ಒಂದು ಹಾಳೆ ಈಚೆ ಬಂದ್ರೆ ಅವನ ಕೆಲಸವೆಲ್ಲ ಸುಳ್ಳು, ಬಡಗಿ ತಮ್ಮನ ಸಾವೂ ಅವನ ತಲೆಗೇ. ಕಿತ್ಕೊಂಡು ಬಾಯಿಗೆ ತುರುಕಿದ! ನನ್ನಾಣೆ, ತಿನ್ನೋಕೆ ಶುರು ಮಾಡಿದ. ನನಗಿರೋದು ನಾಲ್ಕು ಹಲ್ಲು. ನಾಲ್ಕನ್ನೂ ಅವನ ಕಿವಿಗೆ ಕೊಟ್ಟೆ. ಕಿರುಚೋಕೆ ಅವನು ಬಾಯಿ ಬಿಟ್ಟ, ಹಾಳೆ ಬಿತ್ತು, ನಾನು ಮೊಣಕಾಲಿಂದ ಎಲ್ಲಿಗೆ ಕೊಡಬೇಕೋ ಅಲ್ಲಿಗೆ ಕೊಟ್ಟೆ. ಕನ್ನಡಕ ಒಂದು ಕಡೆ, ಸಾಹೇಬ ಒಂದು ಕಡೆ. ಒಂದು ಮೂಲೆ ಮಾತ್ರ ನುಂಗಿಬಿಟ್ಟಿದ್ದ. ಕೆಂಪು ಕೊಕ್ಕೆ ಇದ್ದ ಮೂಲೆ. ಅದೀಗ ಅವನ ಹೊಟ್ಟೇಲಿದೆ. ಬೆನ್ನಿನ ಗೆರೆ, ಹೆಬ್ಬೆಟ್ಟು, ಎರಡೂ ಸರಿಯಾಗಿವೆ. ಈಗ ಗೊತ್ತಾಯ್ತಾ ಸಾಹೇಬನ ಕಿವಿಗೆ ಯಾಕೆ ಹತ್ತಿ? ನಿನಗೆ ಏನಂದ? ಬಾಗಿಲು ತಗುಲಿತು ಅಂದನಾ? ನನ್ನನ್ನ ಬಾಗಿಲು ಅಂತ ಯಾರೂ ಕರೆದಿರಲಿಲ್ಲ.

ಅವನು ಎದ್ದು ಪೊಲೀಸರನ್ನ ಕರೆಯೋಕೆ ಓಡಿದ. ಅವರು ಬರೋಕೆ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ನಾನು ದೊಡ್ಡವನ ಅಂಗೈಯಿಂದ ದಬ್ಬಳ ಕಿತ್ತೆ. ‘ಹಲ್ಲು ಕಚ್ಚು’ ಅಂದೆ, ಕಚ್ಚಿದ. ಕಿತ್ತು, ಒರೆಸಿ, ಒಂದು ಕೆಲಸ ಮುಗಿಸಿದೆ. ಮೂರು ಬೆರಳಿನ ಎಡಗೈಯಲ್ಲಿ ಹಿಡ್ಕೊಂಡು, ಬಲಗೈಯಲ್ಲಿ. ರಕ್ತ ಮೊಣಕೈ ತನಕ. ನಾನು ಬೇರೆ ಏನು ಕಲಿತಿದ್ದೀನಿ, ನನಗೆ ಗೊತ್ತಿರೋದು ಒಂದೇ ಕೆಲಸ. ದೊಡ್ಡವನು ನೋಡ್ತಾ ನಿಂತಿದ್ದ, ಆಮೇಲೆ ಯಾರ ಹತ್ರನೂ ಬಾಯಿ ಬಿಡಲಿಲ್ಲ.

ಪೊಲೀಸರು ಬಂದು ಹುಡುಕಿದರು. ಕಪಾಟು, ಕಸದ ಬುಟ್ಟಿ, ನನ್ನ ಬಟ್ಟೆ ಒಳಗೆಲ್ಲ ಹೆಂಗಸು ಪೊಲೀಸು ಕೈ ಹಾಕಿ ಹುಡುಕಿದಳು, ನನಗೆ ಕಚಗುಳಿ. ದೊಡ್ಡ ಪೊಲೀಸಂತೂ ನಿನ್ನ ಹಾಗೇ ಈ ಮೇಜಿನ ಮುಂದೆ ಒಂದು ಗಂಟೆ ಕೂತು ವರದಿ ಬರೆದ. ಹಾಳೆ ಇಲ್ಲ. ಸಂಜೆ ಲಾರಿ ಮಿಕ್ಕ ರಾಶಿ ತುಂಬ್ಕೊಂಡು ಹೋಯ್ತು.

ಎಲ್ಲರೂ ಸುಳ್ಳು ಹೇಳಿದೆವು. ದೊಡ್ಡವನು, ‘ಕಾಲು ಜಾರಿ ದಬ್ಬಳದ ಮೇಲೆ ನಾನೇ ಕೈ ಊರಿದೆ’ ಅಂದ. ಸಾಹೇಬ ಬಾಗಿಲು ಅಂದ. ನಾನು, ‘ಬ್ರೆಡ್ಡು ಕೊಯ್ಯೋಕೆ ಹೋಗಿ ಬೆರಳು ಕೊಯ್ಕೊಂಡೆ’ ಅಂದೆ. ನನ್ನ ತಮ್ಮ ಒಬ್ಬನೇ ನಿಜ ಹೇಳಿದ, ಇಪ್ಪತ್ತು ದಿನದಿಂದ ಒಳಗಿದ್ದಾನೆ. ದೊಡ್ಡವನು ಮನೆಗೆ ಹೋಗಿ ‘ಜಾಗ ನಮ್ಮದಲ್ಲ, ಬಿಡಿ’ ಅಂದನಂತೆ. ಕಿರಿಯವರು ‘ಕಾಗದ ತೋರಿಸು’ ಅಂತ ಅವನ ಎರಡು ಹಲ್ಲು ಉದುರಿಸಿದರು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಮನೆ ಕೆಡವೋ ಯಂತ್ರ ತರ್ತಾರೆ. ನನ್ನ ತಮ್ಮನ ಹೆಂಡತಿ, ದವಡೆಗೆ ಪಟ್ಟಿ ಕಟ್ಟಿಕೊಂಡು, ವೆಲ್ಡಿಂಗ್ ಗ್ಯಾಸಿನ ಎರಡು ಸಿಲಿಂಡರು ಬಾಗಿಲಿಗೆ ಉರುಳಿಸಿಕೊಂಡು ಕೂತಿದ್ದಾಳೆ. ಮಕ್ಕಳನ್ನ ನನ್ನ ಮನೆಗೆ ಕಳಿಸು ಅಂದೆ. ಬಾಯಿ ತೆರೆಯೋಕೆ ಆಗಲ್ಲ ಅವಳಿಗೆ, ತಲೆ ಅಲ್ಲಾಡಿಸಿದಳು. ಮಕ್ಕಳೂ ಅಲ್ಲೇ ಕೂತಿವೆ. ಯಂತ್ರ ಹೊಸ್ತಿಲು ಮುಟ್ಟಿದ್ರೆ ಕಡ್ಡಿ ಗೀರ್ತಾಳೆ. ಇದೂ ಪೂರ್ತಿ ನಿಜ ಕಣೇ.

ಈಗ ನಿನ್ನ ವಿಷಯ. ಹೆಸರು ತಿದ್ದೋ ಗುಂಡಿ ಸಾಹೇಬನ ಹತ್ರ ಇದೆ, ಇಲ್ಲಾ ಮುಖ್ಯ ಕಚೇರಿಯಿಂದ ಬಂದ ನಿನ್ನ ಹತ್ರ ಇದೆ. ‘ಹಳೇ ಕಾಗದ ಒಂದೂ ಉಳಿದಿಲ್ಲ ಅಂತ ಬರೆದು ಸಹಿ ಹಾಕಿ ಹೋಗಮ್ಮ’ ಅಂದಿದ್ದಾನೆ. ಐದು ಗಂಟೆ ಬಸ್ಸಿಗೆ ಹೊರಟಿದ್ದೀಯ. ನೀನು ಯಾರ ಕಡೆಯವಳೋ ಅಂತ ಮೂರು ದಿನ ಬಾಯಿ ಹೊಲ್ಕೊಂಡು ನೋಡಿದೆ. ನಿನ್ನೆ ಸಾಹೇಬ ನಿನಗೆ ಏನೋ ಆದೇಶ ತಂದು ಕೊಟ್ಟ. ನೀನು ಓದಿದೆ. ಓದಿ, ಕೆಳಗೆ ಇಡೋ ಮುಂಚೆ, ಅದನ್ನ ತಿರುಗ್ಸಿ ಬೆನ್ನು ನೋಡಿದೆ. ಖಾಲಿ ಇತ್ತು. ಆದ್ರೂ ನೋಡಿದೆ. ಆವಾಗಲೇ ಅನ್ಕೊಂಡೆ, ಇವಳಿಗೆ ಹೇಳಬಹುದು ಅಂತ.

ಹಾಳೆ ಎಲ್ಲಿ ಅಂತೀಯಾ? ನಾನು ಹೇಳಲ್ಲ. ಹೇಳಿದ್ರೆ ಅಜ್ಜಿ ಮಾತಲ್ಲಿ ಅರ್ಧ ಸುಳ್ಳು ಅಂತೀಯ. ಈ ಕಚೇರಿಯಿಂದ ಆಚೆ ಹೋಗಿಲ್ಲ. ಅದೊಂದೇ ಅಲ್ಲ, ಕೆಂಪು ಕೊಕ್ಕೆಯವು ಇನ್ನೂ ಸುಮಾರಿವೆ. ಬೇಕರಿ ಅಕ್ಕತಂಗೀರದು, ಕ್ಷೌರದವನದು, ಎಲ್ಲ. ಸಾಹೇಬ ದಿನಾ ಬೆಳಿಗ್ಗೆ ಹತ್ತರಿಂದ ಐದರ ತನಕ ಅವುಗಳಲ್ಲಿ ಒಂದಷ್ಟನ್ನ ತಾನೇ ಕಾವಲು ಕಾಯ್ತಾನೆ, ಅವನಿಗೇ ಗೊತ್ತಿಲ್ಲ.

ಗಂಟೆ ಎರಡಾಯ್ತು. ತಗೋ, ಈ ದಬ್ಬಳ ಇಟ್ಕೋ, ಹೊಲಿಗೆ ಬಿಚ್ಚೋಕೆ ಬೇಕಾಗುತ್ತೆ. ಯಾಕೆ, ಎದ್ದು ನಿಂತೆ? ಇನ್ನೂ ಏನೂ ಹೇಳೇ ಇಲ್ವಲ್ಲ ನಾನು. ಕಲಿತವಳು ನೀನು, ಹೇಳು ನೋಡೋಣ, ಎಲ್ಲಿರಬಹುದು?